ಲ್ಯಾಂಡ್‌ಫಿಲ್‌ಗೆ ಜಾಗ ಪಡೆದು ಉಸ್ತುವಾರಿ ನಡೆಸಿದ ನನ್ನ ಅನುಭವ

ಮಂಡ್ಯ ಜಿಲ್ಲೆಯ ಪುರಸಭೆಯೊಂದರಲ್ಲಿ ಪರಿಸರ ಅಭಿಯಂತರನಾಗಿದ್ದಾಗ, ಘನತ್ಯಾಜ್ಯ ವಿಲೇವಾರಿಗೆ ಜಾಗ ಗುರುತಿಸುವುದರಿಂದ ಹಿಡಿದು ಅಲ್ಲಿ ನಿರ್ಮಾಣವಾದ, ಉಳಿಕೆ ಕಸವನ್ನು ನೆಲದಲ್ಲಿ ಹೂಳುವ ಲ್ಯಾಂಡ್‌ಫಿಲ್‌ನ ದಿನನಿತ್ಯದ ಉಸ್ತುವಾರಿಯವರೆಗಿನ ಹೊಣೆ ನನ್ನ ಪಾಲಿಗೆ ಬಂದಿತ್ತು. ಜಾಗ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿದಂತೆ ಎಂಬ ಮಾತು ಕಚೇರಿಗಳಲ್ಲಿ ಸಾಮಾನ್ಯ. ಆ ಮಾತನ್ನು ನಾನು ಒಪ್ಪುವುದಿಲ್ಲ. ಜಾಗ ಪಡೆಯುವ ಹಂತದಲ್ಲಿ ಯಾವ ಅಳತೆ, ಯಾವ ಷರತ್ತು, ಯಾವ ಪರೀಕ್ಷಾ ವರದಿ ಕಡತಕ್ಕೆ ಸೇರಿರುತ್ತದೆಯೋ ಅದರ ಬಲದ ಮೇಲೆಯೇ ಮುಂದಿನ ಉಸ್ತುವಾರಿ ನಿಲ್ಲುತ್ತದೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಜಿಲ್ಲೆಯಲ್ಲಿ ಸೂಕ್ತ ಜಾಗ ಗುರುತಿಸಿ ಒದಗಿಸುವ ಕೆಲಸವನ್ನು ಜಿಲ್ಲಾಧಿಕಾರಿಗಳಿಗೆ ವಹಿಸಿದ್ದವು. ನದಿಯಿಂದ 100 ಮೀಟರ್, ಕೆರೆಕಟ್ಟೆಗಳಿಂದ 200 ಮೀಟರ್, ಹೆದ್ದಾರಿ, ಜನವಸತಿ ಹಾಗೂ ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರ ಬಿಡಬೇಕಿತ್ತು. ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ದೂರದ ನಿಯಮವೂ ಇತ್ತು. ಮಂಡಕಳ್ಳಿ ನಿಲ್ದಾಣದ ಕಾರಣ ಮೈಸೂರಿನವರಿಗೆ ಅದು ದೊಡ್ಡ ತೊಡಕು, ನಮಗೆ ಆ ಚಿಂತೆ ಇರಲಿಲ್ಲ. ನಮ್ಮ ಕಷ್ಟ ಬೇರೆಯದು. ವಿಶ್ವೇಶ್ವರಯ್ಯ ನಾಲೆ, ಅದರ ಉಪನಾಲೆಗಳು, ಊರಿಗೊಂದರಂತೆ ಇರುವ ಕೆರೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ ದೂರಗಳನ್ನು ಅಳೆದು ಹೊರಗಿಟ್ಟರೆ, ಉಳಿಯುವುದು ಎತ್ತರದ ದಿಣ್ಣೆಯ ಕೆಲವೇ ತುಂಡುಗಳು. ಅವುಗಳಲ್ಲಿ ಬಹುಪಾಲು ಗೋಮಾಳ.

ಗೋಮಾಳವೆಂದರೆ ಖಾಲಿ ಬಿದ್ದ ಸರ್ಕಾರಿ ಜಮೀನು ಎಂದು ತಿಳಿಯಬಾರದು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಹುಲ್ಲುಗಾವಲು ಉಳಿಯಬೇಕು. ಆದ್ದರಿಂದ ಗ್ರಾಮದ ಜಾನುವಾರು ಗಣತಿಯನ್ನು ಪಶುಪಾಲನಾ ಇಲಾಖೆಯಿಂದ ತರಿಸಿ, ಹೆಚ್ಚುವರಿ ವಿಸ್ತೀರ್ಣ ನಿಜವಾಗಿಯೂ ಇದೆಯೆಂದು ತಹಶೀಲ್ದಾರರಿಂದ ವರದಿ ಪಡೆದ ಮೇಲಷ್ಟೇ ಪ್ರಸ್ತಾವನೆ ಮುಂದಕ್ಕೆ ಹೋಯಿತು. ಪಹಣಿಯಲ್ಲಿ ಸರ್ಕಾರಿ ಗೋಮಾಳ ಎಂದಿದ್ದರೂ ಸ್ಥಳದಲ್ಲಿ ರಾಗಿ, ಹುರುಳಿ ಬೆಳೆದಿತ್ತು. ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದ ಬಗರ್ ಹುಕುಂ ಸಾಗುವಳಿದಾರರು ಸಕ್ರಮ ಕೋರಿ ಸಲ್ಲಿಸಿದ್ದ ನಮೂನೆ 57ರ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಇತ್ಯರ್ಥವಾಗದೆ ಉಳಿದಿದ್ದವು. ಆ ಅರ್ಜಿಗಳನ್ನು ಹಾಗೆಯೇ ಬಿಟ್ಟು ಬೇಲಿ ಹಾಕಿಸೋಣ ಎಂಬ ಸಲಹೆಯೂ ಬಂತು. ಅರ್ಜಿ ಬಾಕಿ ಇರುವ ಜಮೀನಿಗೆ ಬೇಲಿ ಹಾಕಿದರೆ ಮೊದಲ ಲಾರಿ ಬರುವ ಮುನ್ನವೇ ತಡೆಯಾಜ್ಞೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಜನರಿಗೆ ತಮ್ಮ ಅರ್ಜಿಯ ಮೇಲೆ ಒಂದು ಆದೇಶ ಪಡೆಯುವ ಹಕ್ಕಿದೆ. ಅವು ಇತ್ಯರ್ಥವಾಗುವವರೆಗೆ ಕಾದು, ನಂತರ ಭೂಮಾಪಕರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ, ಗ್ರಾಮಸ್ಥರ ಸಮಕ್ಷಮ ಮಹಜರು ಬರೆಸಿ ಕಲ್ಲು ನೆಡಿಸಿದೆವು.

ದಾರಿಗೆ ಬೇಕಾದ ಪಟ್ಟಿ ಖಾಸಗಿ ಹಿಡುವಳಿಯಾಗಿತ್ತು. ಅದಕ್ಕೆ 2013ರ ಭೂಸ್ವಾಧೀನ ಕಾಯ್ದೆಯಡಿ ಕಲಂ 11ರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಗೆ 60 ದಿನ, ಕಲಂ 19ರ ಘೋಷಣೆ, ಕೊನೆಗೆ ಪರಿಹಾರ ನಿಗದಿಪಡಿಸುವ ಐತೀರ್ಪು ಎಂಬ ಕ್ರಮ. ಮಾರುಕಟ್ಟೆ ದರದ ಆಧಾರದಲ್ಲಿ ನಿಗದಿಯಾದ ಪರಿಹಾರದಷ್ಟೇ ಮೊತ್ತವನ್ನು ಸೊಲೇಷಿಯಂ (ಸಾಂತ್ವನ ಧನ) ಎಂದು ಸೇರಿಸಿ ಕೊಡಬೇಕೆಂಬುದನ್ನು ರೈತರಿಗೆ ಲೆಕ್ಕಸಹಿತ ತಿಳಿಸಿದಾಗ ಅರ್ಧದಷ್ಟು ಅನುಮಾನ ಕರಗಿತು. ಉಳಿದರ್ಧ ಹಣಕ್ಕೆ ಸಂಬಂಧಿಸಿದ್ದಲ್ಲ, ನೀರಿಗೆ ಸಂಬಂಧಿಸಿದ್ದು.

ಆ ಅನುಮಾನ ಸಕಾರಣವಾಗಿತ್ತು. ಲ್ಯಾಂಡ್‌ಫಿಲ್ ತಳದ ಜೇಡಿಮಣ್ಣಿನ ಪದರಕ್ಕಿಂತ ಕನಿಷ್ಠ 2 ಮೀಟರ್ ಕೆಳಗೆ ಅಂತರ್ಜಲದ ಗರಿಷ್ಠ ಮಟ್ಟ ಇರಬೇಕೆಂದು 2016ರ ಆ ನಿಯಮಗಳು ಹೇಳಿದ್ದವು. ಗುತ್ತಿಗೆಯ ಸಲಹಾ ಸಂಸ್ಥೆಯೊಂದು ಬೇಸಿಗೆಯಲ್ಲಿ ಅಳತೆ ತೆಗೆದು, ನೀರು ಬಹಳ ಆಳದಲ್ಲಿದೆ ಎಂದು ವರದಿ ಸಿದ್ಧಪಡಿಸಿತ್ತು. ಗ್ರಾಮಸಭೆಯಲ್ಲಿ ಹಿರಿಯ ರೈತರೊಬ್ಬರು ಎದ್ದು, “ಬ್ಯಾಸ್ಗೇಲಿ ಅಳುದ್ರೆ ಏನ್ ಗೊತ್ತಾಯ್ತದೆ ಸ್ವಾಮಿ? ನಾಲೇಲಿ ನೀರ್ ಬಿಟ್ಟಾಗ ಬನ್ನಿ, ನಮ್ಮ ಬಾವೀಲಿ ಕೈಗೆ ಸಿಗ್ತದೆ ನೀರು” ಎಂದರು. ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಹರಿದು ಗದ್ದೆಗಳು ತುಂಬಿದ ಮೇಲೆ ಅಚ್ಚುಕಟ್ಟಿನ ಅಂತರ್ಜಲ ಏರುತ್ತದೆ. ಇದು ಇಲ್ಲಿನ ಪ್ರತಿ ರೈತನಿಗೂ ಗೊತ್ತಿರುವ ಸಂಗತಿ. ನಾಟಿ ಮುಗಿದ ಹೊತ್ತಿಗೆ ಮರು ಅಳತೆಗೆ ಒತ್ತಾಯಿಸಿದೆ. ದಿಣ್ಣೆಯ ಮೇಲ್ಭಾಗದಲ್ಲಿ ಅಂತರ ನಿಯಮಕ್ಕೆ ಸರಿಹೊಂದಿತು, ಇಳಿಜಾರಿನ ಕೆಳತುದಿಯಲ್ಲಿ ಹೊಂದಲಿಲ್ಲ. ಕೆಳತುದಿಯನ್ನು ಲ್ಯಾಂಡ್‌ಫಿಲ್‌ನಿಂದ ಕೈಬಿಟ್ಟು ಗಿಡ ನೆಡುವ ರಕ್ಷಣಾ ವಲಯಕ್ಕೆ ಸೇರಿಸಿದೆವು. ಅದೇ ವೇಳೆಗೆ ಸುತ್ತಲಿನ ಬಾವಿಗಳ ನೀರನ್ನೂ ಪರೀಕ್ಷೆ ಮಾಡಿಸಿ, ಒಂದು ಬುಟ್ಟಿ ಕಸವೂ ಬೀಳುವ ಮೊದಲು ಆ ನೀರು ಹೇಗಿತ್ತು ಎಂಬ ವರದಿಯನ್ನು ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಟ್ಟೆವು. ಅಚ್ಚುಕಟ್ಟು ಪ್ರದೇಶದಲ್ಲಿ ಈ ಕೆಲಸ ಮಾಡುವ ಯಾರೇ ಆಗಲಿ, ನಾಲೆಯಲ್ಲಿ ನೀರಿರುವಾಗಿನ ಅಳತೆಯಿಲ್ಲದ ವರದಿಗೆ ಸಹಿ ಹಾಕಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಿರ್ಮಾಣದ ಹಂತದಲ್ಲಿ ನಾನು ಸ್ಥಳ ಬಿಟ್ಟು ಕದಲದೆ ನಿಂತದ್ದು, ಕಸದಿಂದ ಒಸರುವ ಕೊಳೆನೀರು ನೆಲಕ್ಕಿಳಿಯದಂತೆ ತಡೆಯುವ ತಳಪದರದ ಕೆಲಸಕ್ಕೆ. 90 ಸೆಂಟಿಮೀಟರ್ ಜೇಡಿಮಣ್ಣನ್ನು ತೆಳುವಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪದರ ಪದರವಾಗಿ ರೋಲರ್ ಹೊಡೆಸಬೇಕು. ಅದರ ಮೇಲೆ 1.5 ಮಿಲಿಮೀಟರ್ ದಪ್ಪದ, ನೀರು ಇಳಿಯದ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಹಾಳೆ. ಎರಡು ಹಾಳೆಗಳ ಅಂಚನ್ನು ಬಿಸಿ ಯಂತ್ರದಿಂದ ಜೋಡಿ ಸಾಲಾಗಿ ಬೆಸೆದಾಗ ನಡುವೆ ಸಣ್ಣದೊಂದು ಗಾಳಿಯ ದಾರಿ ಉಳಿಯುತ್ತದೆ. ಅದರ ಎರಡೂ ತುದಿಗಳನ್ನು ಮುಚ್ಚಿ, ಸೂಜಿ ಚುಚ್ಚಿ ಗಾಳಿ ತುಂಬಿಸಿ, ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕೆಲ ನಿಮಿಷ ನೋಡಬೇಕು. ಮುಳ್ಳು ಇಳಿದರೆ ಬೆಸುಗೆಯಲ್ಲೆಲ್ಲೋ ಸೋರಿಕೆಯಿದೆ ಎಂದರ್ಥ. ಅಂಥ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ, ತೇಪೆ ಹಾಕಿಸಿ, ಮತ್ತೆ ಪರೀಕ್ಷಿಸಿದೆವು. ಕಸ ತುಂಬಿದ ಮೇಲೆ ಈ ಬೆಸುಗೆಗಳನ್ನು ಯಾರೂ ನೋಡಲಾರರು. ಹೀಗಾಗಿ ಪ್ರತಿ ಬೆಸುಗೆಯ ಸಂಖ್ಯೆ, ಪರೀಕ್ಷೆಯ ದಿನ, ಮಾಪಕದ ಓದುಗಳಿರುವ ದಾಖಲೆ ಪುಸ್ತಕಕ್ಕೆ ಗುತ್ತಿಗೆದಾರರೂ ನಾನೂ ಸಹಿ ಹಾಕಿದ ಮೇಲೆಯೇ ಬಿಲ್ಲು ಪಾವತಿ ಎಂಬ ಷರತ್ತನ್ನು ಕರಾರಿನಲ್ಲೇ ಸೇರಿಸಿದ್ದೆವು.

ಬಳಕೆ ಆರಂಭವಾದ ಮೇಲೆ ಉಸ್ತುವಾರಿಯ ನಿಜವಾದ ಸ್ಥಳ ಲಾರಿಗಳನ್ನು ತೂಗುವ ವೇಬ್ರಿಡ್ಜ್. ಸಂಸ್ಕರಣೆಯ ನಂತರ ಉಳಿದ, ಕೊಳೆಯದ, ಮರುಬಳಕೆಗೆ ಬಾರದ, ಸುಡಲು ಒದಗದ ಶೇಷ ಮಾತ್ರ ಲ್ಯಾಂಡ್‌ಫಿಲ್‌ಗೆ ಹೋಗಬೇಕು. ಕಾಂಪೋಸ್ಟ್ ಯಂತ್ರ ಕೆಟ್ಟ ದಿನಗಳಲ್ಲಿ ಗುತ್ತಿಗೆದಾರರ ಲಾರಿಗಳು ಮಿಶ್ರ ಕಸವನ್ನೇ ನೇರವಾಗಿ ತಂದವು. ತೂಕದ ಚೀಟಿಯಲ್ಲಿ ಶೇಷವೆಂದು ಬರೆದಿದ್ದರೂ, ಲಾರಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿರುವುದು ಹಸಿಕಸವೆಂದು ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ. ಅಂಥ ಲಾರಿಗಳನ್ನು ಹಿಂದಕ್ಕೆ ಕಳುಹಿಸಿ, ಕಾರಣವನ್ನು ವಹಿಯಲ್ಲಿ ಬರೆದು, ಆ ತೂಕವನ್ನು ಬಿಲ್ಲಿನಿಂದ ಕಳೆದೆವು. ಊರಿನಲ್ಲಿ ಒಂದೆರಡು ದಿನ ಕಸ ನಿಂತು ಪುರಸಭೆ ಸದಸ್ಯರಿಂದ ಬೈಗುಳವೂ ಬಂತು. ಆದರೂ ಮುಖ್ಯಾಧಿಕಾರಿಗಳು ನನ್ನ ಬೆನ್ನಿಗೆ ನಿಂತರು, ಯಂತ್ರ ಬೇಗ ರಿಪೇರಿಯಾಯಿತು.

ಪ್ರತಿದಿನ 10 ಸೆಂಟಿಮೀಟರ್ ಮಣ್ಣಿನ ಹೊದಿಕೆ, ಮುಂಗಾರಿಗೆ ಮುನ್ನ 40ರಿಂದ 65 ಸೆಂಟಿಮೀಟರ್ ದಪ್ಪದ ಮಧ್ಯಂತರ ಹೊದಿಕೆ, ಬೇಸಿಗೆ, ಮಳೆಗಾಲ ಮತ್ತು ಮಳೆಯ ನಂತರ ಸುತ್ತಲ 50 ಮೀಟರ್ ವ್ಯಾಪ್ತಿಯ ಅಂತರ್ಜಲದ ಪರೀಕ್ಷೆ, ಇವು 2016ರ ನಿಯಮಗಳಲ್ಲೇ ಇದ್ದ ಕೆಲಸಗಳು. ನಾವು ಸೇರಿಸಿದ್ದು ಒಂದನ್ನೇ: ಮಾದರಿ ನೀರು ತುಂಬಿಸುವಾಗ ಗ್ರಾಮದ ಇಬ್ಬರು ಎದುರಿಗಿರಬೇಕು, ಸೀಸೆಯ ಮೊಹರಿನ ಮೇಲೆ ಅವರ ಸಹಿಯೂ ಇರಬೇಕು, ಫಲಿತಾಂಶ ಪಂಚಾಯಿತಿಯ ಸೂಚನಾ ಫಲಕಕ್ಕೆ ಹೋಗಬೇಕು. ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗಳು ನಡೆಸುವ ಪರಿಶೀಲನಾ ಸಭೆಗೂ ಅದೇ ಹಾಳೆಗಳನ್ನು ಒಯ್ಯುತ್ತಿದ್ದೆ.

ನಾನು ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಬೆಸುಗೆಯ ದಾಖಲೆ ಪುಸ್ತಕ, ಮೊದಲ ನೀರಿನ ವರದಿ, ಹದ್ದುಬಸ್ತಿನ ನಕ್ಷೆ ಮತ್ತು ಅಂತರ್ಜಲದ ಮಾದರಿ ತೆಗೆಯುವ ವೀಕ್ಷಣಾ ಬಾವಿಗಳ ಬೀಗದ ಕೈಗಳನ್ನು ಒಂದೊಂದಾಗಿ ನಮೂದಿಸಿ ಒಪ್ಪಿಸಿದೆ. ಬಾಕಿ ಉಳಿದದ್ದು ಹಣದ ಪ್ರಶ್ನೆ. ಲ್ಯಾಂಡ್‌ಫಿಲ್ ತುಂಬಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಕೊಳೆನೀರು, ಅನಿಲ ಮತ್ತು ಅಂತರ್ಜಲದ ಮೇಲೆ ನಿಗಾ ಇಡಬೇಕಾಗಿದ್ದು, ಅದರ ವೆಚ್ಚಕ್ಕೆ ಈಗಿನಿಂದಲೇ ಪ್ರತಿ ವರ್ಷದ ಆಯವ್ಯಯದಲ್ಲಿ ಪ್ರತ್ಯೇಕ ಖಾತೆಗೆ ಮೊತ್ತ ಮೀಸಲಿಡಬೇಕೆಂದು ಕೌನ್ಸಿಲ್ ಮುಂದೆ ಟಿಪ್ಪಣಿ ಮಂಡಿಸಿ ಬಂದಿದ್ದೇನೆ. ಅದರ ಪ್ರತಿಯನ್ನು ನನ್ನ ನಂತರ ಬಂದ ಅಭಿಯಂತರರ ಕೈಗೂ ಕೊಟ್ಟಿದ್ದೇನೆ.