ಮುಂದೆ ಓಡುತ್ತಿದ್ದ ವಾಚು, ಮೊದಲ ಸೋಲೋ

ಮೊದಲ ಸೋಲೋಗೆ, ಅಂದರೆ ಬೋಧಕರಿಲ್ಲದೆ ಒಬ್ಬನೇ ವಿಮಾನ ಹಾರಿಸುವ ದಿನಕ್ಕೆ, ಅಪ್ಪನ ಎಚ್‌ಎಂಟಿ ಪೈಲಟ್ ವಾಚನ್ನೇ ಕಟ್ಟಬೇಕು ಅಂತ ಆಸೆ. ಕಪ್ಪು ಡಯಲ್, ಕೀಲಿ ಕೊಡುವ ವಾಚು. ಅಪ್ಪನ ಕೈಯಲ್ಲಿ ಎಂದೂ ತಕರಾರು ಮಾಡಿರಲಿಲ್ಲ. ನಾನು ತರಬೇತಿಗೆ ಸೇರಿದ ಮೇಲೆ ಮಾತ್ರ ದಿನಕ್ಕೆ ಹಲವು ನಿಮಿಷ ಮುಂದೆ ಓಡಲು ಶುರುವಾಯಿತು.

ಎಣ್ಣೆ ಒಣಗಿರಬೇಕು ಅಂದುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ವಾಚನ್ನು ಬಿಚ್ಚಲೇ ಇಲ್ಲ. ಒಂದು ಪುಟ್ಟ ದಿಕ್ಸೂಚಿಯ ಪಕ್ಕ ಹಿಡಿದರು. ಮುಳ್ಳು ಅಲುಗಾಡಿತು. "ಅಯಸ್ಕಾಂತ ಹಿಡಿದಿದೆ ಕಣಪ್ಪ. ರಾತ್ರಿ ಎಲ್ಲಿಡ್ತೀಯ?" ಎಂದರು. ಫ್ಲೈಟ್ ಬ್ಯಾಗಿನಲ್ಲಿ, ಹೆಡ್‌ಸೆಟ್ ಜೊತೆ! ಹೆಡ್‌ಸೆಟ್‌ನ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಅಲ್ವಾ? ವಾಚಿನ ಬಡಿತ ನಿಯಂತ್ರಿಸುವ ಸಣ್ಣ ಸುರುಳಿ ಹೇರ್‌ಸ್ಪ್ರಿಂಗ್‌ಗೆ ಅದು ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗಾಗಿ ವಾಚು ಬೇಗ ಬೇಗ ಬಡಿಯುತ್ತದೆ.

ಅಯಸ್ಕಾಂತತೆ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲಿಟ್ಟು, ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನಕ್ಕೆ ದೂರ ಎಳೆದರು. ಅಷ್ಟೇ. ಗುಂಡಿ ಮೊದಲೇ ಬಿಟ್ಟರೆ ಮತ್ತೆ ಅಯಸ್ಕಾಂತ ಉಳಿಯಬಹುದಂತೆ. ಈಗ ವಾಚು ಬೇರೆ ಡಬ್ಬಿಯಲ್ಲಿರುತ್ತದೆ.

ಸೋಲೋ ದಿನ ಅದನ್ನು ಯುಟಿಸಿಗೆ (ವಿಮಾನಯಾನದಲ್ಲಿ ಬಳಸುವ ವಿಶ್ವ ಸಮಯ), ಅಂದರೆ ನಮ್ಮ ಸಮಯಕ್ಕಿಂತ 5 ಗಂಟೆ 30 ನಿಮಿಷ ಹಿಂದಕ್ಕೆ ಇಟ್ಟೆ. ಬೋಧಕರು ಇಳಿದ ಮೇಲೆ ವಿಮಾನ ಹಗುರ, ಸರ್ರನೆ ಏರಿತು. ಇಳಿಯುವ ಮುನ್ನ ರನ್‌ವೇಗೆ ಸಮಾನಾಂತರವಾಗಿ ಹಾರುವ ಡೌನ್‌ವಿಂಡ್‌ನಲ್ಲಿ ಪಕ್ಕದ ಸೀಟು ಖಾಲಿ ಅನ್ನೋದು ಹೊಳೆದು ಸುಮ್ನೆ ನಗು ಬಂತು. ಲ್ಯಾಂಡಿಂಗ್ ಸ್ವಲ್ಪ ಜೋರಾಗೇ ಆಯಿತು. ಲಾಗ್‌ಬುಕ್‌ಗೆ ಬರೆದ ಸಮಯ ಟವರ್‌ ಹೇಳಿದ ಸಮಯಕ್ಕೆ ಸರಿಯಾಗಿ ತಾಳೆಯಾಯಿತು.