ವರ್ಣತಂತುವಿನ ಮೇಲೆ ಜೀನಿನ ಜಾಗ ಗುರುತಿಸುವುದು ಹೇಗೆ?

ನಮ್ಮ ಕಾಸರಗೋಡಿನ ತೋಟಗಳ ತೆಂಗು, ಕಂಗು ಎರಡರ ಜೀವಕೋಶದಲ್ಲೂ 32 ವರ್ಣತಂತುಗಳಿವೆ. ಯಾವ ಜೀನು ಯಾವುದರ ಮೇಲಿದೆಯೆಂಬುದು ಬಣ್ಣ ಹಚ್ಚಿ ಎಣಿಸಿದ ಮಾತ್ರಕ್ಕೆ ತಿಳಿಯುವುದಿಲ್ಲ. ಹುಡುಕಬೇಕಾದ ಅನುಕ್ರಮಕ್ಕೆ ಜೋಡಿಯಾಗಬಲ್ಲ ಡಿಎನ್‌ಎ ತುಣುಕಿಗೆ, ಅಂದರೆ ಪ್ರೋಬಿಗೆ, ಬೆಳಕು ಸೂಸುವ ಬಣ್ಣವನ್ನು ಸೇರಿಸಿ ವರ್ಣತಂತುವಿನ ಮೇಲೆ ಕೂರಿಸುವ ಫಿಶ್ ತಂತ್ರ ಅದಕ್ಕೆ ಬೇಕು. 1969ರಲ್ಲಿ ಗಾಲ್ ಮತ್ತು ಪಾರ್ಡ್ಯೂ ಈ ಕೆಲಸವನ್ನು ವಿಕಿರಣಶೀಲ ಗುರುತಿನಿಂದ ಮಾಡಿದ್ದರು. ಹೊಳೆಯುವ ಬಣ್ಣಗಳು ಬಂದದ್ದು ಅನಂತರ. ಪ್ರೋಬ್ ಕೂತಲ್ಲಿ ಹೊಳೆಯಬೇಕಾದ ಚುಕ್ಕೆ ಕಾಣದಿದ್ದರೆ ವಿದ್ಯಾರ್ಥಿಗಳು ಪ್ರೋಬನ್ನು ದೂರುತ್ತಾರೆ. ಕೆಟ್ಟಿರುವುದು ಹೆಚ್ಚಾಗಿ ಸ್ಲೈಡು.

ಮೊಳೆತ ಕಾಯಿಯ ಎಳೆ ಬೇರಿನ ತುದಿಯನ್ನು ಕತ್ತರಿಸಿ, ಕೋಶವಿಭಜನೆಯನ್ನು ನಡುವೆಯೇ ತಡೆಯುವ 8-ಹೈಡ್ರಾಕ್ಸಿಕ್ವಿನೊಲಿನ್ ದ್ರಾವಣದಲ್ಲಿ ಕೆಲವು ಗಂಟೆ ಇಟ್ಟು, ಮೂರು ಪಾಲು ಈಥೈಲ್ ಆಲ್ಕೋಹಾಲ್ ಮತ್ತು ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕಿ. ಮಿಶ್ರಣ ಅಂದೇ ತಯಾರಿಸಿದ್ದಾಗಿರಬೇಕು.

ಎಲ್ಲರೂ ಎಡವುವುದು ಮುಂದಿನ ಘಟ್ಟದಲ್ಲಿ. ಬೇರನ್ನು ಸೆಲ್ಯುಲೇಸ್, ಪೆಕ್ಟಿನೇಸ್ ಕಿಣ್ವಗಳಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಿಸುವಾಗ ಗಡಿಯಾರವನ್ನು ನಂಬಬೇಡಿ, ಸೂಜಿಯನ್ನು ನಂಬಿ: ಮೊನೆ ತಾಗಿದಾಗ ತುದಿ ಬಾಗಬೇಕು, ಆಕಾರ ಕಳೆದುಕೊಳ್ಳಬಾರದು. ಹದ ಮೀರಿದರೆ ಅದು ಕುಚ್ಚಿಲಕ್ಕಿ ಗಂಜಿಯಂತಾಗಿ ವರ್ಣತಂತುಗಳೆಲ್ಲ ಚೆದುರಿಹೋಗುತ್ತವೆ. ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೇಗ ಮೆತ್ತಗಾಗಿಸುವ ಅಡ್ಡದಾರಿ ಎಣಿಕೆಗೆ ಸಾಕಾದೀತು. ಡಿಎನ್‌ಎಯನ್ನೇ ಹಾಳುಗೆಡಹುವುದರಿಂದ ಇಲ್ಲಿ ಅದು ಸಲ್ಲದು. ಬೇರಿನ ಟೋಪಿಯನ್ನು ತೆಗೆದುಹಾಕಿ, ಹಾಲುಬಿಳುಪಿನ ಭಾಗವನ್ನಷ್ಟೇ 45 ಶೇಕಡ ಅಸಿಟಿಕ್ ಆಮ್ಲದ ಹನಿಯಲ್ಲಿ ಬಿಡಿಸಿ, ಮೇಲೆ ಕವರ್‌ಸ್ಲಿಪ್ ಇಟ್ಟು, ಅದು ಜಾರದಂತೆ ನೇರವಾಗಿ ಒತ್ತಿ. ಬಣ್ಣ ಹಚ್ಚದೆಯೇ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ. ವರ್ಣತಂತುಗಳ ಸುತ್ತ ಬೂದು ಮಬ್ಬು ಕಂಡರೆ ಅದು ಕೋಶರಸ. ಅದು ಪ್ರೋಬಿಗೆ ಅಡ್ಡಗಟ್ಟುವುದಲ್ಲದೆ ಬಣ್ಣವನ್ನು ತನಗೇ ಅಂಟಿಸಿಕೊಂಡು ಸ್ಲೈಡನ್ನೆಲ್ಲ ಬೆಳಗಿಸುತ್ತದೆ. ಅಂಥದ್ದನ್ನು ಮುಲಾಜಿಲ್ಲದೆ ಎಸೆಯಿರಿ. ಒಳ್ಳೆಯದನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಬ್ಲೇಡಿನಿಂದ ಕವರ್‌ಸ್ಲಿಪ್ ಎಬ್ಬಿಸಿ, ಒಣಗಿಸಿ.

ಆರ್‌ಎನ್‌ಎ ತೆಗೆದ ಮೇಲೆ ಡಿಎನ್‌ಎಯ ಎಳೆಗಳನ್ನು ಬೇರ್ಪಡಿಸಲು 70 ಶೇಕಡ ಫಾರ್ಮಮೈಡ್‌ನಲ್ಲಿ, 70 ಡಿಗ್ರಿಯಲ್ಲಿ, ಸುಮಾರು ಎರಡು ನಿಮಿಷ ಇಡಬೇಕು. ಉಷ್ಣತೆಯನ್ನು ಜಾಡಿಯ ಒಳಗೇ ಅಳೆಯಿರಿ. ತಣ್ಣಗಿನ ಸ್ಲೈಡುಗಳನ್ನು ಒಟ್ಟಿಗೆ ಅದ್ದಿದರೆ ಅದು ಇಳಿಯುತ್ತದೆ. ಕಡಿಮೆಯಾದರೆ ಎಳೆಗಳು ಬಿಡುವುದಿಲ್ಲ, ಹೆಚ್ಚಾದರೆ ವರ್ಣತಂತು ಉಬ್ಬಿ ಅಂಚು ಹರಿಯುತ್ತದೆ. ಕೂಡಲೇ ಮಂಜಿನಷ್ಟು ತಣ್ಣಗಿನ ಆಲ್ಕೋಹಾಲ್‌ಗೆ ಹಾಕಿ. ಫಾರ್ಮಮೈಡ್ ವಿಷಕಾರಿ, ಕೈಗವಸು ಹಾಕಿಕೊಂಡು ಹೊಗೆ ಹೀರುವ ಕಪಾಟಿನಲ್ಲಿಯೇ ಕೆಲಸ ಮಾಡಬೇಕು. ಅಗ್ಗದ ಹಳೆಯ ಬಾಟಲಿ ಬೇಡ.

ಇನ್ನುಳಿದದ್ದು ಸುಲಭ: ಬಿಸಿಮಾಡಿ ತಣಿಸಿದ ಪ್ರೋಬ್ ಹಾಕಿ, ತೇವದ ಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ತೊಳೆದು, ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಡ್ಯಾಪಿ ಬಣ್ಣ ಹಚ್ಚಿ.

ಹೊಸಬರು 45ಎಸ್ ಪ್ರೋಬಿನಿಂದಲೇ, ಅಂದರೆ ರೈಬೋಸೋಮಿನ ಆರ್‌ಎನ್‌ಎ ಜೀನುಗಳಿಗೆ ಜೋಡಿಯಾಗುವ ಪ್ರೋಬಿನಿಂದಲೇ, ಆರಂಭಿಸಬೇಕು. ಆ ಅನುಕ್ರಮ ಒಂದೇ ಜಾಗದಲ್ಲಿ ಸಾಲುಸಾಲಾಗಿ ಮರುಕಳಿಸುವುದರಿಂದ ಚುಕ್ಕೆ ಢಾಳಾಗಿ ಕಾಣುತ್ತದೆ. ಜೋಡಿಯ ಎರಡೂ ವರ್ಣತಂತುಗಳಲ್ಲಿ ಒಂದೇ ಜಾಗದಲ್ಲಿ ಕಂಡದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಪ್ರೋಬಿನ ಚಿತ್ರವನ್ನು ಮೊದಲು, ಡ್ಯಾಪಿಯ ನೀಲಿಯನ್ನು ಕೊನೆಗೆ ತೆಗೆಯಿರಿ. ಅತಿನೇರಳೆ ಬೆಳಕಿಗೆ ಬಣ್ಣಗಳು ಬೇಗ ಮಾಸುತ್ತವೆ.