ಆವಿ ಬಿಟ್ರಾ ಮೇಡಂ?

ನಮ್ಮ ಲ್ಯಾಬಿನಲ್ಲಿ ಆಟೋಕ್ಲೇವ್ (ಆವಿಯ ಒತ್ತಡದಲ್ಲಿ ಬಿಸಿ ಮಾಡಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) ಇಡುವ ಕೆಲಸ ಅಟೆಂಡರ್ ಅಣ್ಣನದು. ಮಲೆನಾಡಿನ ಕಡೆಯ ಒಂದು ವಿಶ್ವವಿದ್ಯಾಲಯ, ಮೈಕ್ರೋಬಯಾಲಜಿ ವಿಭಾಗ, ಒಂದು ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ, ಶುದ್ಧ ಕೆಲಸದ ಗೂಡು), ಎರಡು ಇನ್‌ಕ್ಯುಬೇಟರ್, ಐದು ಜನ ಪಿಎಚ್‌ಡಿಯವರು, ಜೊತೆಗೆ ಪ್ರತಿ ವರ್ಷ ಪ್ರಾಜೆಕ್ಟಿಗೆ ಬರುವ ಎಂಎಸ್ಸಿ ಹುಡುಗ ಹುಡುಗಿಯರು. ಇಷ್ಟೇ ನಮ್ಮ ಪ್ರಪಂಚ. ಲ್ಯಾಮಿನಾರಿಗೆ ಸ್ಲಾಟ್ ಬರೆಯುವ ಒಂದು ಪುಸ್ತಕ ಇತ್ತು, ಬೆಳಗಿನ ಸ್ಲಾಟಿಗಾಗಿ ನಡೆದ ಜಗಳಗಳನ್ನೆಲ್ಲ ಬರೆದರೆ ಅದೇ ಇನ್ನೊಂದು ಥೀಸಿಸ್ ಆದೀತು. ಸ್ಕಾಲರ್‌ಶಿಪ್ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದ ದಿನ ಎಲ್ಲರಿಗೂ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ. ಆಯುಧ ಪೂಜೆಗೆ ಪಿಸಿಆರ್ ಮೆಷೀನಿಗೂ ಚೆಂಡು ಹೂವಿನ ಹಾರ, ಆಟೋಕ್ಲೇವಿಗೆ ಅಣ್ಣನೇ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಗೈಡ್ ಮೇಡಂ ಅವರದು ಒಂದೇ ಷರತ್ತು: ಕುಂಕುಮ ಲ್ಯಾಮಿನಾರ್ ಒಳಗೆ ಹೋಗಬಾರದು.

ನನ್ನ ಕೆಲಸ ಮಣ್ಣಿನ ಬ್ಯಾಕ್ಟೀರಿಯಾಗಳಾದ ಆಕ್ಟಿನೊಮೈಸೀಟ್‌ಗಳ ಮೇಲೆ. ಮೊದಲ ಮಳೆಗೆ ಮಣ್ಣಿನ ಘಮ ಬರುತ್ತಲ್ವಾ, ಆ ವಾಸನೆ ಕೊಡುವ ಜಿಯೋಸ್ಮಿನ್ ಅನ್ನೋ ವಸ್ತು ಹೆಚ್ಚಾಗಿ ಇವುಗಳದೇ ತಯಾರಿ. ಆಗುಂಬೆ ಕಡೆಯ ಮಣ್ಣನ್ನು ಒಣಗಿಸಿ, ನೀರಲ್ಲಿ ಹಂತ ಹಂತವಾಗಿ ತೆಳು ಮಾಡಿ, ಸ್ಟಾರ್ಚ್ ಕೇಸಿನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರ, ನಮ್ಮ ಮಾತಲ್ಲಿ ಮೀಡಿಯಾ) ಸುರಿದ ಪ್ಲೇಟಿಗೆ ಹಚ್ಚಿ 28 ಡಿಗ್ರಿಯಲ್ಲಿ ಇಡಬೇಕು. ಇ. ಕೋಲೈ ಥರದ ಬ್ಯಾಕ್ಟೀರಿಯಾಗಳು ರಾತ್ರಿ ಇಟ್ಟರೆ ಬೆಳಿಗ್ಗೆ ಬಂದು ಕೂತಿರುತ್ತವೆ. ಇವಕ್ಕೆ 7ರಿಂದ 14 ದಿನ ಬೇಕು. ಕಾದರೆ ರಂಗೋಲಿ ಪುಡಿ ಉದುರಿಸಿದ ಹಾಗೆ ಒಣ ಒಣ ಕಾಲೊನಿ (ಬ್ಯಾಕ್ಟೀರಿಯಾ ಗುಂಪು), ತಂತಿಯ ಲೂಪಿನಿಂದ ಎಬ್ಬಿಸೋಕೆ ಹೋದರೆ ಅಗರ್ ಸಮೇತ ಕಿತ್ತು ಬರುತ್ತೆ. ಒಂದು ಬ್ಯಾಚ್ ಕೆಟ್ಟರೆ ಎರಡು ವಾರ ಹೋಯ್ತು ಅಂತಲೇ ಲೆಕ್ಕ.

ಮೂರನೇ ವರ್ಷದ ಬೇಸಿಗೆಯಲ್ಲಿ ಅಣ್ಣ ಮಗಳ ಮದುವೆ ಅಂತ ಮೂರು ವಾರ ರಜೆ ಹಾಕಿದರು. ಆಟೋಕ್ಲೇವ್ ಜವಾಬ್ದಾರಿ ನಾನೇ ಮೈಮೇಲೆ ಹಾಕಿಕೊಂಡೆ. ಏನು ಮಹಾ, ದೊಡ್ಡ ಕುಕ್ಕರ್ ತಾನೆ? 15 ಪೌಂಡ್ ಪ್ರೆಶರ್, 121 ಡಿಗ್ರಿ, 15 ನಿಮಿಷ, ಬಿಎಸ್ಸಿಯಿಂದ ಬಾಯಿಪಾಠ. "ಆವಿ ಚೆನ್ನಾಗಿ ಬಿಟ್ಟು ಆಮೇಲೆ ವಾಲ್ವ್ ಮುಚ್ಚಿ ಮೇಡಂ" ಅಂತ ಹೋಗುವಾಗ ಹೇಳಿದ್ದರು. ಹೂಂ ಅಂದಿದ್ದೆ. ಆದರೆ ನನ್ನ ಬಸ್ಸು ಐದೂವರೆಗೆ. ಆವಿ ಕಾಣಿಸಿದ ತಕ್ಷಣ ವಾಲ್ವ್ ಮುಚ್ಚಿಬಿಡುತ್ತಿದ್ದೆ. ಮುಳ್ಳು 15ಕ್ಕೆ ಬರುತ್ತಿತ್ತು, ಬಿಸಿ ತಾಗಿದ್ದನ್ನು ತೋರಿಸುವ ಟೇಪಿನ ಮೇಲೆ ಕಪ್ಪು ಗೆರೆ ಮೂಡುತ್ತಿತ್ತು, ಅಗರ್ ಚೆನ್ನಾಗಿ ಕರಗಿರುತ್ತಿತ್ತು. ಇನ್ನೇನು ಬೇಕು?

ಎರಡನೇ ವಾರಕ್ಕೆ ನನ್ನ ಪ್ಲೇಟುಗಳಲ್ಲಿ ದೋಸೆ ಹಿಟ್ಟು ಚೆಲ್ಲಿದ ಹಾಗೆ ಹರಡಿಕೊಂಡ ಕಾಲೊನಿ. ಗ್ರಾಂ ಸ್ಟೇನ್ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದರೆ ನೇರಳೆ ಕಡ್ಡಿಗಳು, ಅವುಗಳ ನಡುವೆ ಬಣ್ಣ ಹಿಡಿಯದ ಸ್ಪೋರ್, ಬಿಸಿಗೂ ಸುಲಭಕ್ಕೆ ಸಾಯದ ಬೀಜದಂಥ ರೂಪ. ಬ್ಯಾಸಿಲಸ್ ಬ್ಯಾಕ್ಟೀರಿಯಾ ಅನ್ನೋದಕ್ಕೆ ಅನುಮಾನವೇ ಬೇಡ. ನಾನು ಯಾರಿಗೂ ಹೇಳಲಿಲ್ಲ, ಪ್ಲೇಟುಗಳನ್ನು ಕಾಗದದಲ್ಲಿ ಸುತ್ತಿ ಬಿಸಾಡುವ ಡಬ್ಬಕ್ಕೆ ಹಾಕಿದೆ. ಆಮೇಲೆ ಗೊತ್ತಾದ ತಮಾಷೆ ಏನೆಂದರೆ ಆ ವಾರ ಐದೂ ಜನ ಅದನ್ನೇ ಮಾಡಿದ್ದೆವು! ಕಂಟಾಮಿನೇಷನ್ (ಬೇಡದ ಜೀವಿ ಸೇರಿಕೊಳ್ಳೋದು) ಅಂದರೆ ಕೈ ಶುದ್ಧ ಇಲ್ಲ ಅಂತ ಅರ್ಥ, ಕೈ ಶುದ್ಧ ಇಲ್ಲ ಅಂದರೆ ಮರ್ಯಾದೆ ಹೋಯ್ತು ಅಂತ. ಒಬ್ಬೊಬ್ಬರೇ ಕದ್ದುಮುಚ್ಚಿ 70 ಪರ್ಸೆಂಟ್ ಆಲ್ಕೋಹಾಲ್ ಹಾಕಿ ಬೆಂಚು ಉಜ್ಜಿದ್ದೇ ಉಜ್ಜಿದ್ದು. ಆಲ್ಕೋಹಾಲಿಗೆ ಸ್ಪೋರ್ ಸಾಯಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರೇ ಎಲ್ಲರೂ.

ಕೊನೆಗೆ ವಿಷಯ ಹೊರಗೆ ಬಂದಾಗ ಬೆರಳು ಯಾರ ಕಡೆ ತಿರುಗಿತು ಗೊತ್ತಾ? ಹೊಸದಾಗಿ ಪ್ರಾಜೆಕ್ಟಿಗೆ ಬಂದಿದ್ದ ಎಂಎಸ್ಸಿ ಹುಡುಗಿಯ ಕಡೆ. ಅವಳು ಪ್ಲೇಟ್ ಜಾಸ್ತಿ ಹೊತ್ತು ತೆರೆದಿಡ್ತಾಳೆ, ಲ್ಯಾಮಿನಾರಲ್ಲಿ ಮಾತಾಡ್ತಾಳೆ, ಹೀಗೆ. ಯಾರೂ ಎದುರಿಗೆ ಬೈಯಲಿಲ್ಲ. ಸುಮ್ನೆ ಅವಳ ಸ್ಲಾಟ್ ಸಂಜೆಗೆ ಹೋಯ್ತು, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವಳು ಬೇರೆ ಟೇಬಲಿಗೆ ಹೋದಳು. ನಾನೂ ಆ ಗುಂಪಿನಲ್ಲಿದ್ದೆ.

ಅಣ್ಣ ಮದುವೆಯ ಲಾಡು ತಗೊಂಡು ವಾಪಸ್ ಬಂದರು. ಪ್ಲೇಟುಗಳ ಕಥೆ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: "ಆವಿ ಬಿಟ್ರಾ ಮೇಡಂ?"

ಎದೆ ಧಸಕ್ಕೆಂದಿತು. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗದೆ ವಾಲ್ವ್ ಮುಚ್ಚಿದರೆ ಮುಳ್ಳು 15 ತೋರಿಸುತ್ತೆ, ಆದರೆ ಆ ಒತ್ತಡದಲ್ಲಿ ಗಾಳಿಯ ಪಾಲೂ ಸೇರಿರುತ್ತೆ. ಅರ್ಧ ಗಾಳಿ ಉಳಿದರೆ ಒಳಗಿನ ಬಿಸಿ 112 ಡಿಗ್ರಿ ಆಸುಪಾಸು ಅಷ್ಟೇ. ಅಷ್ಟರಲ್ಲಿ ಅಗರ್ ಕರಗುತ್ತೆ, ಟೇಪಿಗೂ ಬಣ್ಣ ಬರುತ್ತೆ, ಸ್ಟಾರ್ಚ್ ಪುಡಿಯ ಜೊತೆ ಬಂದ ಸ್ಪೋರ್ ಮಾತ್ರ ಆರಾಮಾಗಿ ಬದುಕಿಕೊಳ್ಳುತ್ತೆ. ಅಣ್ಣ ಓದಿದ್ದು ಎಸ್ಸೆಸ್ಸೆಲ್ಸಿ. ಆವಿ ಒಂದೇ ಸಮ ಜೋರಾಗಿ ಬರಲು ಶುರುವಾದ ಮೇಲೆ ಹತ್ತು ನಿಮಿಷ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಪೇಪರ್ ಓದ್ತಾ ಟೈಮ್ ಪಾಸ್ ಮಾಡ್ತಿದ್ದಾರೆ ಅಂತ ನಾವು ಆಡಿಕೊಳ್ಳುತ್ತಿದ್ದೆವು.

ಗೊತ್ತಾದ ಮೇಲೂ ನಾನು ನಾಲ್ಕು ದಿನ ಬಾಯಿ ಬಿಡಲಿಲ್ಲ. ಅಣ್ಣನೂ ಯಾರಿಗೂ ಹೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಸೋಮವಾರದ ಲ್ಯಾಬ್ ಮೀಟಿಂಗಿನಲ್ಲಿ ಹೇಳಿದೆ, ತೊದಲುತ್ತಾ, ಬಸ್ಸಿನ ವಿಷಯ ಸಮೇತ. ಮೇಡಂ ಬೈಯ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಬರೀ ಮೀಡಿಯಾ ಸುರಿದು, ಏನೂ ಹಚ್ಚದೆ, ಒಂದು ಕಂಟ್ರೋಲ್ ಪ್ಲೇಟ್ ಇಟ್ಟವರು ಕೈ ಎತ್ತಿ." ಒಂದು ಕೈಯೂ ಏಳಲಿಲ್ಲ. ಇಟ್ಟಿದ್ದರೆ ಎರಡೇ ದಿನಕ್ಕೆ ತಪ್ಪು ಮೀಡಿಯಾದಲ್ಲಿದೆ, ಯಾರ ಕೈಯಲ್ಲೂ ಇಲ್ಲ ಅಂತ ಗೊತ್ತಾಗುತ್ತಿತ್ತು. ಆಮೇಲೆ ಎಂಎಸ್ಸಿ ಹುಡುಗಿಯ ಕಡೆ ತಿರುಗಿ, "ನಿನ್ನ ಸ್ಲಾಟ್ ಸಂಜೆಗೆ ಹಾಕಿದ್ದು ಯಾರು?" ಅಂದರು. ಅವಳು ತಲೆ ಬಗ್ಗಿಸಿ ಕೂತಳು. ಆ ಮೌನ ಇವತ್ತಿಗೂ ನನಗೆ ಕೇಳಿಸುತ್ತೆ.

ಅವತ್ತಿಂದ ಆಟೋಕ್ಲೇವ್ ಪಕ್ಕ ಒಂದು ಉದ್ದ ನೋಟ್‌ಬುಕ್ ನೇತು ಬಿತ್ತು. ಆವಿ ಬಿಟ್ಟ ಹೊತ್ತು, ವಾಲ್ವ್ ಮುಚ್ಚಿದ ಹೊತ್ತು, ಸಹಿ. ಹಿಂದಿನ ಹಾಳೆಗಳಲ್ಲಿ ತಪ್ಪುಗಳ ಪಟ್ಟಿ. ಮೊದಲ ತಪ್ಪು ಬರೆದವರು ಮೇಡಂ, ತಮ್ಮ ಪಿಎಚ್‌ಡಿ ಕಾಲದ್ದು, ಗ್ಲಿಸರಾಲ್ ಸ್ಟಾಕ್ (ಫ್ರೀಜರಿನಲ್ಲಿ ಕಾಪಿಡುವ ಪ್ರತಿ) ಮಾಡದೆ ಕಳೆದುಕೊಂಡ ಒಂದು ಕಲ್ಚರಿನ ಕಥೆ. ಅದನ್ನು ಓದಿದ ಮೇಲೆ ಉಳಿದವರಿಗೆ ಧೈರ್ಯ ಬಂತು. ತಿಂಗಳಿಗೊಮ್ಮೆ ಸ್ಪೋರ್ ಸ್ಟ್ರಿಪ್ (ಸ್ಪೋರ್ ಹಚ್ಚಿದ ಪಟ್ಟಿ) ಇಟ್ಟು, ಅವು ಸಾಯುತ್ತವಾ ಅಂತ ನೋಡಿ, ಆಟೋಕ್ಲೇವನ್ನೇ ಪರೀಕ್ಷೆ ಮಾಡೋದೂ ಶುರುವಾಯ್ತು.

ಆ ಹುಡುಗಿಗೆ ಸಾರಿ ಹೇಳಿದೆ. "ಪರವಾಗಿಲ್ಲ ಅಕ್ಕ" ಅಂದಳು, ಆದರೆ ಊಟದ ಟೇಬಲಿಗೆ ವಾಪಸ್ ಬರಲು ತಿಂಗಳಾಯ್ತು. ಮುಂದೆ ನನ್ನ ಪೇಪರ್ ಬರೆಯುವಾಗ ಇನ್‌ಹಿಬಿಷನ್ ಝೋನ್ (ನಮ್ಮ ಬ್ಯಾಕ್ಟೀರಿಯಾ ಬೇರೆಯದನ್ನು ಬೆಳೆಯಗೊಡದ ಜಾಗ) ಅಳತೆಗಳಲ್ಲಿ ಅರ್ಧ ಅವಳದೇ ಆಗಿತ್ತು. ಪ್ರಾಜೆಕ್ಟಿನವರ ಹೆಸರು ಹಾಕೋದು ಅಲ್ಲಿ ವಾಡಿಕೆ ಇರಲಿಲ್ಲ. ಮೇಡಂ ಆಲ್ಬರ್ಟ್ ಶಾಟ್ಜ್ ಕಥೆ ತೆಗೆದರು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ನಾನು ಹುಡುಕುತ್ತಿದ್ದ ಸ್ಟ್ರೆಪ್ಟೊಮೈಸಿಸ್ ಅನ್ನೋ ಆಕ್ಟಿನೊಮೈಸೀಟ್ ಕುಲದ್ದೇ ಒಂದರಿಂದ ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಪಿಎಚ್‌ಡಿ ಮಾಡುತ್ತಿದ್ದ ಈ ಹುಡುಗನ ಕೈಗೆ. ಆತ 1950ರಲ್ಲಿ ಕೋರ್ಟಿಗೆ ಹೋಗಿ ತನ್ನ ಪಾಲು ಒಪ್ಪಿಸಿಕೊಂಡ. ಆದರೂ 1952ರ ನೊಬೆಲ್ ಬಂದದ್ದು ಗೈಡ್ ವಾಕ್ಸ್‌ಮನ್ ಒಬ್ಬರಿಗೇ. "ನಮ್ಮದೇನು ನೊಬೆಲ್ ಅಲ್ಲ, ಹೆಸರು ಹಾಕೋಕೆ ಯಾಕೆ ಕಂಜೂಸುತನ" ಅಂದರು. ಅವಳ ಹೆಸರು ಎರಡನೆಯದಾಗಿ ಬಂತು. ಅಣ್ಣನ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿ. ಪ್ರಿಂಟ್ ತೆಗೆದುಕೊಟ್ಟಾಗ ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡರು.

ಈಗ ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡ್ತೀನಿ. ನಮ್ಮ ಆಟೋಕ್ಲೇವ್ ಪಕ್ಕ ಒಂದು ಸ್ಟೂಲ್ ಹಾಕಿಸಿದೀನಿ. ಹತ್ತು ನಿಮಿಷ ಕೂರಿ ಅಂದರೆ ಹುಡುಗರು ಬಸ್ ಹೋಗುತ್ತೆ ಮೇಡಂ ಅಂತ ಗೊಣಗ್ತಾರೆ. ಹೋಗುತ್ತೆ, ನಿಜ. ಆರೂ ಮುಕ್ಕಾಲಿಗೆ ಇನ್ನೊಂದು ಇದೆ.